ಪಂಚಾಂಗ ಬೆಂಗಳೂರಿನದು, ಸೂರ್ಯೋದಯ ಡಬ್ಲಿನ್ನಿನದು

ಅಮ್ಮ ಊರಿನಿಂದ ಬಂದಿದ್ದ ವರ್ಷ. ಡಿಸೆಂಬರಿನ ದ್ವಾದಶಿ, ಬೆಳಗಿನ ಏಳೂವರೆಯಾದರೂ ಡಬ್ಲಿನ್ನಿನ ಸ್ಯಾಂಡಿಫರ್ಡಿನಲ್ಲಿರುವ ನಮ್ಮ ಫ್ಲಾಟಿನ ಹೊರಗೆ ಕತ್ತಲು. ಹಿಂದಿನ ದಿನವಿಡೀ ನಿರಾಹಾರವಿದ್ದ ಅವರು ಮಡಿಯುಟ್ಟು, ಚಳಿಗೆ ಸಾಯದಿರಲೆಂದು ಹೀಟರಿನ ಪಕ್ಕ ಇಟ್ಟಿದ್ದ ತುಳಸಿಯ ಮುಂದೆ ಕುಳಿತು ಕೇಳಿದರು: ‘ಇಲ್ಲಿ ಸೂರ್ಯ ಎಷ್ಟೊತ್ತಿಗೆ ಬರ್ತಾನಪ್ಪಾ?’

ಎರಡು ದಿನ ಮೊದಲು ಅದೇ ಕೋಣೆಯಲ್ಲಿ ನಾವು ನಾಲ್ಕೈದು ಮಂದಿ ಏಕಾದಶಿ ಯಾವ ದಿನ ಎಂದು ಎರಡು ತಾಸು ವಾದಿಸಿದ್ದೆವು. ಒಬ್ಬರದು ಮಠದ ಪಂಚಾಂಗ, ಇನ್ನೊಬ್ಬರದು ಒಂಟಿಕೊಪ್ಪಲ್. ಅಲ್ಲಿಂದ ಮಾತು ಯಾವ ಪುರಾಣ ಪ್ರಮಾಣ, ಯಾವ ಭಾಷ್ಯ ಮೇಲು ಎಂಬಲ್ಲಿಗೆ ಹೋಯಿತು. ಅಮ್ಮ ಕೇಳಿದ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಸ್ಮಾರ್ತರು ಸೂರ್ಯೋದಯಕ್ಕೆ ಇರುವ ತಿಥಿಯನ್ನು ನೋಡುತ್ತಾರೆ. ಮಾಧ್ವರು ಅದಕ್ಕೂ ನಾಲ್ಕು ಘಳಿಗೆ ಮುಂಚಿನ ಅರುಣೋದಯಕ್ಕೆ ದಶಮಿಯ ವೇಧ, ಅಂದರೆ ಸೋಂಕು, ಇದೆಯೇ ಎಂದು ನೋಡಿ, ಇದ್ದರೆ ಮರುದಿನ ಉಪವಾಸ ಮಾಡುತ್ತಾರೆ. ಇಬ್ಬರಿಗೂ ಆಧಾರ ಇರುವ ಊರಿನ ಸೂರ್ಯೋದಯವೇ. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವಾಗ ಇಲ್ಲಿ ರಾತ್ರಿ ಒಂದು ಗಂಟೆ. ಇಲ್ಲಿ ಹುಟ್ಟುವುದು ಎಂಟೂವರೆಯ ಸುಮಾರಿಗೆ. ನಡುವಿನ ಏಳೂವರೆ ತಾಸಿನಲ್ಲಿ ತಿಥಿಯೇ ಬದಲಾಗಬಹುದು. ಅಂದರೆ ಶಾಸ್ತ್ರದ ಪ್ರಾಮಾಣ್ಯಕ್ಕಾಗಿ ಪಟ್ಟು ಹಿಡಿದ ಎರಡೂ ಪಕ್ಷಗಳು ಅದೇ ಶಾಸ್ತ್ರದ ಮೊದಲ ಅಗತ್ಯವನ್ನೇ ಕೈಬಿಟ್ಟಿದ್ದವು. ವ್ರತ ಹಿಡಿದ ಅಮ್ಮನಿಗೆ ಮಾತ್ರ ಅದು ಹೊಳೆಯಿತು, ಏಕೆಂದರೆ ಉಪವಾಸ ಮುಗಿಸಿ ಪಾರಣೆ ಮಾಡಬೇಕಾಗಿದ್ದವರು ಅವರು.

ವಾದವೇ ಬೇಡ ಎನ್ನುವವನಲ್ಲ ನಾನು. ದ್ವೈತಿ ವ್ಯಾಸರಾಯರ ‘ನ್ಯಾಯಾಮೃತ’ಕ್ಕೆ ಅದ್ವೈತಿ ಮಧುಸೂದನ ಸರಸ್ವತಿ ‘ಅದ್ವೈತಸಿದ್ಧಿ’ಯಲ್ಲಿ ಉತ್ತರ ಕೊಟ್ಟರು. ಎದುರಾಳಿಯ ಗ್ರಂಥವನ್ನು ಅಷ್ಟು ಆಳವಾಗಿ ಓದುವುದು ಒಂದು ತಪಸ್ಸು. ಅಂಥ ತರ್ಕದ ವ್ಯಾಸರಾಯರೇ ಪುರಂದರದಾಸರಿಗೆ, ಕುರುಬ ಕುಲದ ಕನಕದಾಸರಿಗೆ ಗುರುವಾದರು. ವಿದ್ವತ್ತಿನ ವ್ಯಾಸಕೂಟ, ಹಾಡಿನ ದಾಸಕೂಟ ಎರಡೂ ಒಂದೇ ಬೇರಿನವು. ಗ್ರಂಥವನ್ನೂ ಓದದೆ, ವ್ರತವನ್ನೂ ಹಿಡಿಯದೆ ಬರೀ ಪ್ರಾಮಾಣ್ಯದ ಜಗಳವಾಡುವ ನಮ್ಮ ರೂಢಿಗೆ ಆ ಪರಂಪರೆಯ ಹೆಸರು ಸಲ್ಲದು.

ವಾದ ಮುಗಿಯದೆಯೂ ಕೆಲಸ ನಡೆಯಬಲ್ಲದು. ಮಾಧ್ವ ಯತಿಗಳ ಸಮಾಧಿಗಳಿರುವ ಆನೆಗೊಂದಿಯ ನವಬೃಂದಾವನದಲ್ಲಿ ಪೂಜೆಯ ಹಕ್ಕಿಗಾಗಿ ಉತ್ತರಾದಿ ಮಠ ಮತ್ತು ರಾಘವೇಂದ್ರ ಸ್ವಾಮಿಗಳ ಮಠಗಳ ನಡುವೆ ವ್ಯಾಜ್ಯ ಹಳೆಯದು. 2019ರ ಜುಲೈನಲ್ಲಿ ಅಲ್ಲೇ ವ್ಯಾಸರಾಯರ ಬೃಂದಾವನವನ್ನು ದುಷ್ಕರ್ಮಿಗಳು ಒಡೆದು ಹಾಕಿದಾಗ, ಬೇರೆ ಬೇರೆ ಮಠಗಳವರು ತುಂಗಭದ್ರೆಯ ನಡುಗಡ್ಡೆಯಲ್ಲಿ ಸೇರಿ ಕೆಲವೇ ದಿನಗಳಲ್ಲಿ ಅದನ್ನು ಮತ್ತೆ ನಿಲ್ಲಿಸಿದರು. ವ್ಯಾಜ್ಯ ಅದರಿಂದ ಮುಗಿಯಲಿಲ್ಲ. ಆದರೆ ಕಲ್ಲು ಜೋಡಿಸುವ ಕೆಲಸಕ್ಕೆ ಅದರ ತೀರ್ಪು ಬೇಕಾಗಲಿಲ್ಲ.

ಇಲ್ಲಿ ನಮ್ಮ ಸಮುದಾಯವೂ ಬೆಳೆಯುತ್ತಿದೆ. ಐರ್ಲೆಂಡಿನಲ್ಲಿ 2016ರ ಜನಗಣತಿಯಲ್ಲಿ ಹಿಂದೂಗಳು ಸುಮಾರು 14 ಸಾವಿರ. 2022ಕ್ಕೆ 33 ಸಾವಿರ ದಾಟಿದರು. 2020ರಲ್ಲಿ ಡಬ್ಲಿನ್ನಿನ ವಾಕಿನ್ಸ್‌ಟೌನಿನಲ್ಲಿ ದೇವಸ್ಥಾನವೂ ಆಯಿತು. ಇಲ್ಲೇ ಹುಟ್ಟಿದ ಮಕ್ಕಳಿಗೆ ದ್ವೈತ–ಅದ್ವೈತ ತಿಳಿಯುವ ಮುಂಚೆ ತಿಳಿಯುವುದು ಅಜ್ಜಿ ಊಟ ಬಿಟ್ಟಿದ್ದಾಳೆ ಎಂಬುದು. ಅವರು ಕಲಿತರೆ ಅಲ್ಲಿಂದಲೇ ಕಲಿಯಬೇಕು.

ನಾನು ಕೇಳುವುದು ಇಷ್ಟು: ಇಲ್ಲಿನ ಸಂಘಗಳು ಡಬ್ಲಿನ್ನಿನ ಸೂರ್ಯೋದಯಕ್ಕೆ ಗಣಿಸಿದ ತಿಥಿಪಟ್ಟಿಯೊಂದನ್ನು ಪ್ರತಿ ಮನೆಗೆ ಕೊಡಲಿ, ಅರುಣೋದಯದ ಹೊತ್ತನ್ನೂ ಅದರಲ್ಲಿ ಸೇರಿಸಲಿ. ಆಮೇಲೆ ಒಂದು ಮನೆಯಲ್ಲಿ ಶನಿವಾರ, ಎದುರು ಮನೆಯಲ್ಲಿ ಭಾನುವಾರ ಉಪವಾಸವಾದರೂ ಆಗಲಿ.