ಗುರಿ ಕಲಿಸದವರಿಗೆ ಕೋವಿ ಕಸಿಯುವ ಹಕ್ಕಿಲ್ಲ



ಈ ಸಮ್ಮೇಳನದ ಸಿದ್ಧತೆಗೆಂದು ಸೇರಿದ್ದ ಸಭೆಯೊಂದರಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, ‘ನಮ್ಮ ಮನೆಗಳ ಮಕ್ಕಳ ಕೈಗೆ ಆಟಿಕೆಯ ಬಂದೂಕು ಕೊಡಬಾರದೆಂದು ಸಂಘವು ಠರಾವು ಮಾಡಬೇಕು, ಇಂದು ಆಟಿಕೆ ಹಿಡಿದ ಕೈ ನಾಳೆ ನಿಜವಾದುದನ್ನೇ ಹಿಡಿದೀತು’ ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾವು ತಟ್ಟಲಿಲ್ಲ, ಎದ್ದು ವಿರೋಧಿಸಲೂ ಇಲ್ಲ. ಎಪ್ಪತ್ತು ದಾಟಿದ ನಿವೃತ್ತ ಮುಖ್ಯೋಪಾಧ್ಯಾಯರು ಬಂದೂಕಿನ ಪರವಾಗಿ ಮಾತಾಡಿದರೆಂಬ ಅಪವಾದಕ್ಕೆ ಅಂಜಿ ಸುಮ್ಮನಾದೆವು. ಆ ಮೌನಕ್ಕೆ ಪ್ರಾಯಶ್ಚಿತ್ತವಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ವಾದ ಇಷ್ಟೇ. ಬಂದೂಕಿನ ಮೇಲೆ ಮಗುವಿಗಿರುವ ಮೋಹ ಅಪರಾಧವಲ್ಲ. ಆ ಮೋಹಕ್ಕೆ ಒಬ್ಬ ಗುರುವನ್ನು ಒದಗಿಸದೆ ಬೀದಿಗೆ ಬಿಡುವುದು ಅಪರಾಧ. ಮತ್ತು ಆ ಅಪರಾಧ ಮಕ್ಕಳದಲ್ಲ, ನಮ್ಮದು.

ಮೊದಲು ನಮ್ಮ ಮೋಹದ ಕಥೆಯನ್ನೇ ಒಪ್ಪಿಸುತ್ತೇವೆ. ನಾರಾಯಣಖೇಡದ ಸೀಮೆಯಲ್ಲಿ ಬಿಳಿಜೋಳ ಹಾಲುಗಾಳಿಗೆ ಬಂದಾಗ ಅಟ್ಟವೇರಿ ಕವಣೆ ಬೀಸಿ ಹಕ್ಕಿ ಓಡಿಸುವುದು ನಮ್ಮ ಮೊದಲ ಗುರಿವಿದ್ಯೆ. ಆಮೇಲೆ ಕವಲುಕೊಂಬೆಗೆ ಸೈಕಲ್ ಟ್ಯೂಬು ಕಟ್ಟಿದ ಗುಲೇಲು ಬಂತು. ದೀಪಾವಳಿಗೆ ತಗಡಿನ ಪಿಸ್ತೂಲು, ಕೆಂಪು ಟಿಕಳಿ ಡಬ್ಬಿ. ಟಿಕಳಿ ಮುಗಿದ ಮೇಲೂ ಆ ಮದ್ದಿನ ವಾಸನೆ ಬೆರಳಿಗಂಟಿರುತ್ತಿತ್ತು. ಶಿವರಾತ್ರಿಗೆ ಝರಾಸಂಗದ ಕೇತಕಿ ಸಂಗಮೇಶ್ವರನ ಜಾತ್ರೆಗೆ ಹೋದರೆ ದೇವರ ದರ್ಶನಕ್ಕಿಂತ ಮೊದಲು ಕಾಲುಗಳು ಬಲೂನು ಹೊಡೆಯುವ ಅಂಗಡಿಯ ಕಡೆ ಎಳೆಯುತ್ತಿದ್ದವು. ತೆಂಗಿನಕಾಯಿಗೆಂದು ಅವ್ವ ಕೊಟ್ಟ ಕಾಸು ಛರ್ರೆಗಳಾಗಿ ಹಾರಿಹೋದ ವರ್ಷಗಳೂ ಉಂಟು.

ಮನೆಯ ಪಡಸಾಲೆಯ ಗೋಡೆಯಲ್ಲಿ ಎರಡು ಮರದ ಗೂಟಗಳಿದ್ದವು. ಅವುಗಳ ಮೇಲೆ ಏನೂ ಇರಲಿಲ್ಲ. ಹಂದಿ ಕಾಯಲೆಂದು ನಮ್ಮ ಮುತ್ಯಾ ಇಟ್ಟುಕೊಂಡಿದ್ದ ಮದ್ದು ತುಂಬುವ ನಾಡಬಂದೂಕು ಅಲ್ಲಿತ್ತಂತೆ. 1948ರ ಗದ್ದಲದಲ್ಲಿ ಅದು ಮನೆಯಿಂದ ಹೋಯಿತು. ಯಾರು ಒಯ್ದರು, ಅದರಿಂದ ಏನಾಯಿತು ಎಂಬುದನ್ನು ಮುತ್ಯಾ ಸಾಯುವವರೆಗೂ ಬಾಯಿಬಿಡಲಿಲ್ಲ.

ಆ ಗದ್ದಲವೇ ನಮ್ಮ ಎದುರುಪಕ್ಷದವರ ಬಲವಾದ ಆಧಾರ. ಆದ್ದರಿಂದ ಅದನ್ನು ಮುಚ್ಚಿಡುವುದು ಸಲ್ಲ. ಆಗ ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಮೂರೂ ನಿಜಾಮರ ಸಂಸ್ಥಾನದ ಪ್ರಜೆಗಳು. ರಜಾಕಾರರ ಹಾವಳಿಯಲ್ಲಿ ಗೋರ್ಟಾದಂಥ ಊರುಗಳು ರಕ್ತದಲ್ಲಿ ತೊಯ್ದವು. ಭಾರತದೊಡನೆ ಸೇರಬೇಕೆಂದು ಬರೆದ ತಪ್ಪಿಗೆ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಂದರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂದಿತು. 17ಕ್ಕೆ ಸಂಸ್ಥಾನ ಶರಣಾಯಿತು. ಅದಾದ ಮೇಲೆ ಸೇಡಿನ ಸರದಿ. ಪಂಡಿತ ಸುಂದರಲಾಲರ ಸಮಿತಿ ಅತಿಹೆಚ್ಚು ನೊಂದ ನಾಲ್ಕು ಜಿಲ್ಲೆಗಳನ್ನು ಹೆಸರಿಸಿತು: ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ. ಈ ಬಾರಿ ಸತ್ತವರು ನಮ್ಮ ನೆರೆಯ ಮುಸಲ್ಮಾನರು. ನಮ್ಮ ಮುತ್ಯಾನ ಮೌನ ಯಾವ ಸಾವಿನದೆಂಬುದು ನಮಗೆ ತಿಳಿಯದು, ಎರಡೂ ಕಡೆಯದಿರಬಹುದು.

ಇಂಥ ನೆಲದಲ್ಲಿ ಹುಟ್ಟಿಯೂ ಬಂದೂಕನ್ನು ಮೆಚ್ಚುವುದೇ ಎಂದು ಕೇಳುವವರಿಗೆ ನಮ್ಮ ಉತ್ತರವಿದು. ಆ ವರ್ಷ ನಮ್ಮ ಹಳ್ಳಿಗಳನ್ನು ಕಾಡಿದ್ದು ಬಂದೂಕು ಬಲ್ಲವರಲ್ಲ. ಬಂದೂಕು, ಕತ್ತಿ, ಪಂಜು, ಯಾವುದು ಸಿಕ್ಕಿದರೂ ಸರಿಯೆನ್ನುತ್ತಿದ್ದ ಕಟ್ಟಿಲ್ಲದ ಗುಂಪುಗಳು. ಬಂದೂಕು ಉಳಿದ ಸಾಧನಗಳಂತಲ್ಲ, ಅದು ಕೊಲ್ಲಲೆಂದೇ ಹುಟ್ಟಿದ್ದು ಎಂಬುದನ್ನು ಒಪ್ಪುತ್ತೇವೆ. ಒಪ್ಪುವುದರಿಂದಲೇ ಅದಕ್ಕೆ ಶಿಸ್ತು ಬೇಕೆನ್ನುತ್ತೇವೆ. ಕಾಣದಂತೆ ಮುಚ್ಚಿಟ್ಟ ವಸ್ತುವಿಗೆ ಶಿಸ್ತು ಕಲಿಸಲಾಗದು.

ಆ ಶಿಸ್ತು ನಮಗೆ ದೊರೆತದ್ದು ಬೀದರದಲ್ಲಿ ಪದವಿ ಓದುವಾಗ. ಚೀನಾ ಯುದ್ಧದ ತರುವಾಯ 1963ರಲ್ಲಿ ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಗಿತ್ತು. ಆ ಕಡ್ಡಾಯದ ಕೊನೆಯ ದಿನಗಳಲ್ಲಿ ನಾವು ಸೇರಿದೆವು. ಪಾಯಿಂಟ್ ಟೂಟೂ ರೈಫಲ್ಲು ಕೈಗೆ ಬಂದಾಗ ಎದೆ ಡವಗುಟ್ಟಿತು. ಆದರೆ ಹವಾಲ್ದಾರರು ಮೊದಲ ವಾರ ಒಂದು ಗುಂಡನ್ನೂ ಕೊಡಲಿಲ್ಲ. ಖಾಲಿಯೆಂದು ನೂರು ಸಲ ಗೊತ್ತಿದ್ದರೂ ನಳಿಗೆಯನ್ನು ಮನುಷ್ಯನ ಕಡೆ ತಿರುಗಿಸಬಾರದು. ಹೊಡೆಯುವ ಗಳಿಗೆಯವರೆಗೆ ಬೆರಳು ಕುದುರೆಯ ಮೇಲೆ ಹೋಗಬಾರದು. ಗುರಿಯ ಹಿಂದೆ ಏನಿದೆ ಎಂದು ತಿಳಿಯದೆ ಹೊಡೆಯಬಾರದು. ತಪ್ಪಿದವರಿಗೆ ಮೈದಾನದ ಸುತ್ತ ಓಟ. ಜಾತ್ರೆಯ ಬಲೂನಿನಂಗಡಿಯಲ್ಲಿ ಯಾರೂ ಹೇಳದಿದ್ದ ಈ ಮೂರು ಮಾತು ನಮ್ಮ ಮೋಹವನ್ನು ವಿದ್ಯೆಯಾಗಿ ಬದಲಿಸಿದವು.

ಹೀಗೆ ಕಲಿತ ನಾವೇ ಮುಂದೆ ಏನು ಮಾಡಿದೆವು? ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ಗಡಿಭಾಗದ ಒಂದು ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾಗ ಎಂಟನೆಯ ತರಗತಿಯ ಹುಡುಗನೊಬ್ಬನ ಚೀಲದಲ್ಲಿ ಮರದ ಪಿಸ್ತೂಲು ಸಿಕ್ಕಿತು. ಪ್ರಾರ್ಥನೆಯ ಸಾಲಿನೆದುರು ಅವನನ್ನು ನಿಲ್ಲಿಸಿ ಛಡಿಯಿಂದ ಹೊಡೆದು, ಪಿಸ್ತೂಲನ್ನು ಮುರಿದು, ‘ಇವನು ನಾಳೆಯ ದರೋಡೆಕೋರ’ ಎಂದೆವು. ಮಾರನೆಯ ವಾರದಿಂದ ಅವನು ಶಾಲೆಗೆ ಬರಲಿಲ್ಲ. ವರ್ಷಗಳ ಮೇಲೆ ತಾಂಡೂರಿನಲ್ಲಿ ಹಾಸುಗಲ್ಲು ನುಣುಪು ಮಾಡುವ ಯಂತ್ರದ ಬಳಿ, ಮೈಯೆಲ್ಲ ಕಲ್ಲುಹುಡಿ ಮೆತ್ತಿಕೊಂಡ ಒಬ್ಬಾತ ಬಂದು ಕಾಲುಮುಟ್ಟಿ ನಮಸ್ಕರಿಸಿದ. ಅವನೇ. ಬೈಗುಳವನ್ನೇ ನಿರೀಕ್ಷಿಸಿದ್ದೆವು. ಅವನು ಹೇಳಿದ್ದು ಒಂದೇ ಮಾತು: ‘ಸರ್, ಆ ಪಿಸ್ತೂಲ ನಾನೇ ಕೆತ್ತಿದ್ದೆ ರೀ. ಅದರ ಕುದುರಿ ಖರೇನೇ ಬಡೀತಿತ್ತು.’

ಜಾಲಿಮರದ ತುಂಡಿನಲ್ಲಿ ಸ್ಪ್ರಿಂಗು ಕೂಡಿಸಿ ಬಡಿಯುವ ಕುದುರೆ ಮಾಡಿದ ಹದಿಮೂರರ ಕೈಯನ್ನು ನಾವು ನೋಡಲಿಲ್ಲ. ಆಕಾರವನ್ನು ಮಾತ್ರ ನೋಡಿದೆವು. ಮಹಾಭಾರತದ ದ್ರೋಣರನ್ನು ನೆನೆಯಿರಿ. ಹಕ್ಕಿಯ ಕಣ್ಣೊಂದೇ ಕಾಣಬೇಕೆಂದು ಅರ್ಜುನನಿಗೆ ಕಲಿಸಿದವರೂ ಅವರೇ, ಏಕಲವ್ಯನ ಹೆಬ್ಬೆರಳು ಕೇಳಿದವರೂ ಅವರೇ. ನಾವು ಮೊದಲನೆಯ ದ್ರೋಣರಾಗಲಿಲ್ಲ, ಎರಡನೆಯವರಾದೆವು. ಇಂದು ಸಂಘ ಮಾಡಹೊರಟಿರುವ ಠರಾವು ಮತ್ತೊಂದು ಹೆಬ್ಬೆರಳಿನ ಬೇಡಿಕೆಯೇ ಆಗಿದೆ.

ನಾವು ಕಸಿದುಕೊಂಡರೆ ಮೋಹ ಸಾಯುತ್ತದೆಯೇ? ಇಲ್ಲ, ಗುರುವನ್ನು ಬದಲಿಸಿಕೊಳ್ಳುತ್ತದೆ. 2022ರಲ್ಲಿ ತೆರೆಕಂಡ ‘ಕೆಜಿಎಫ್’ ಎರಡನೆಯ ಭಾಗದಲ್ಲಿ ನಾಯಕ ‘ದೊಡ್ಡಮ್ಮ’ನೆಂಬ ಯಂತ್ರಕೋವಿಯಿಂದ ಪೊಲೀಸ್ ಠಾಣೆಯನ್ನು ಪುಡಿಗಟ್ಟಿದಾಗ ಶಿಳ್ಳೆ ಹೊಡೆದವರಲ್ಲಿ ನಮ್ಮ ಮೊಮ್ಮಕ್ಕಳಷ್ಟೇ ಅಲ್ಲ, ಆಟಿಕೆ ಬೇಡವೆನ್ನುವ ತಂದೆಗಳೂ ಇದ್ದರು. ಟಿಕಳಿ ಪಿಸ್ತೂಲು ನಿಷಿದ್ಧ, ದೊಡ್ಡಮ್ಮನಿಗೆ ಮಾತ್ರ ಟಿಕೆಟ್ಟು. ಇದು ಯಾವ ನ್ಯಾಯ? ಫೋನಿನಲ್ಲಿ ಪಿಸ್ತೂಲು ತಿರುಗಿಸುವ ರೀಲ್ಸು, ಹುಟ್ಟುಹಬ್ಬದ ಕೇಕನ್ನು ತಲವಾರಿನಿಂದ ಕೊಯ್ಯುವ ಶೋಕಿ ಎಲ್ಲ ಬಂದದ್ದು ಆ ದಾರಿಯಿಂದಲೇ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಪ್ಲಾಸ್ಟಿಕ್ ಕೊಳವೆಗೆ ಕಾರ್ಬೈಡ್ ತುಂಬಿ ಸಿಡಿಸುವ ಕೊಳವೆಬಂದೂಕಿನಿಂದ ನೂರಕ್ಕೂ ಹೆಚ್ಚು ಮಂದಿ ಕಣ್ಣಿಗೆ ಪೆಟ್ಟು ಮಾಡಿಕೊಂಡರು. ಅವರಲ್ಲಿ ಬಹುಪಾಲು ಮಕ್ಕಳು. ಸಿಡಿಯಲಿಲ್ಲವೇಕೆಂದು ಕೊಳವೆಯೊಳಗೆ ಇಣುಕಿದವರೂ ಇದ್ದರು. ನಮ್ಮ ಹವಾಲ್ದಾರರ ಮೊದಲ ವಾರದ ಪಾಠವೊಂದು ಆ ಮಕ್ಕಳಿಗೆ ದೊರೆತಿದ್ದರೆ!

ಮದುವೆಯ ದಿಬ್ಬಣದಲ್ಲಿ ಆಕಾಶಕ್ಕೆ ಗುಂಡು ಹಾರಿಸುವವರ ಪರ ನಾವಿಲ್ಲವೆಂಬುದೂ ಸ್ಪಷ್ಟವಾಗಿರಲಿ. 2019ರ ತಿದ್ದುಪಡಿಯಂತೆ ಅಂಥ ಸಂಭ್ರಮದ ಗುಂಡಿನಿಂದ ಇತರರ ಜೀವಕ್ಕೆ ಅಪಾಯ ತಂದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಉಂಟು. ಅದು ಸರಿಯಾದ ಕಾನೂನು. ಮೇಲೆ ಹೋದದ್ದು ಕೆಳಗೆ ಬರುತ್ತದೆಂಬುದನ್ನು ಮರೆತವನು ಬಂದೂಕುಪ್ರಿಯನಲ್ಲ, ಮೂರ್ಖ.

ಕೊಡಗಿನ ಕಡೆ ನೋಡೋಣ. ಅಲ್ಲಿನ ಕೊಡವರಿಗೆ ಶಸ್ತ್ರಾಸ್ತ್ರ ಕಾಯಿದೆಯ ಲೈಸೆನ್ಸಿನಿಂದ ವಿನಾಯಿತಿಯಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ನಡೆಸುತ್ತಾರೆ. ಕೋವಿ ಅಲ್ಲಿ ಹಿರಿಯರ ಕಣ್ಣೆದುರು ಗೋಡೆಯ ಮೇಲಿರುವ ವಸ್ತು. ಆ ವಿನಾಯಿತಿ ನಮಗೂ ಬೇಕೆಂದು ನಾವು ಕೇಳುತ್ತಿಲ್ಲ. ಹಿರಿಯರ ಕಣ್ಣು ಬೇಕೆಂದಷ್ಟೇ ಕೇಳುತ್ತಿದ್ದೇವೆ.

ಗುರಿಯ ಕ್ರೀಡೆ ಎಂತಹುದೆಂದು ಅರಿಯದವರು ಅದನ್ನು ಹಿಂಸೆಯೆನ್ನುತ್ತಾರೆ. ಹತ್ತು ಮೀಟರ್ ಗಾಳಿ ರೈಫಲ್ ಸ್ಪರ್ಧೆಯಲ್ಲಿ ಛರ್ರೆಯ ಅಗಲ ನಾಲ್ಕೂವರೆ ಮಿಲಿಮೀಟರ್. ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ಅಂಥ ಚುಕ್ಕೆಗೆ ಅರವತ್ತು ಸಲ ಗುರಿಯಿಡಬೇಕು. ಸಿಟ್ಟು ಬಂದವನ ಕೈ ನಡುಗುತ್ತದೆ, ಅವಸರದವನ ಉಸಿರು ಕೆಡುತ್ತದೆ, ಹಿಂದಿನ ಹೊಡೆತಕ್ಕೆ ಮರುಗುವವನ ಮುಂದಿನ ಹೊಡೆತ ತಪ್ಪುತ್ತದೆ. ಕೋಪಿಷ್ಠನಿಗೆ ಈ ಆಟದಲ್ಲಿ ಎಡೆಯೇ ಇಲ್ಲ. ಮೂರು ದಶಕ ಮಕ್ಕಳನ್ನು ಸುಮ್ಮನೆ ಕೂರಿಸಲು ಹೆಣಗಿದ ನಾವು ಇದಕ್ಕಿಂತ ಒಳ್ಳೆಯ ಏಕಾಗ್ರತೆಯ ಪಾಠವನ್ನು ಕಂಡಿಲ್ಲ.

ಇದು ಶ್ರೀಮಂತರ ಆಟ ಎಂಬ ಆಕ್ಷೇಪದಲ್ಲಿ ಸತ್ಯಾಂಶವುಂಟು. ಅಂತರರಾಷ್ಟ್ರೀಯ ಸ್ಪರ್ಧೆಯ ರೈಫಲ್ಲಿಗೆ ಲಕ್ಷಗಟ್ಟಲೆ ಬೇಕು. ಆದರೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿ ಎಂಬ ಹಳ್ಳಿಯವರು, ಶಾಲಾ ಶಿಕ್ಷಕರ ಮಗ. ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಯೋಜನೆ ಅವರನ್ನು ಎತ್ತಿಕೊಂಡಿತು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಮುಖದ ಪಾರ್ಶ್ವವಾಯುವಿಗೆ ತುತ್ತಾಗಿಯೂ ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿ, ಇಂಚಿಯಾನ್ ಏಷ್ಯನ್ ಕ್ರೀಡೆಗಳಲ್ಲಿ ಕಂಚು ತಂದರು. ನಮ್ಮ ಹೈದರಾಬಾದಿನ ಗಗನ್ ನಾರಂಗ್ 2012ರಲ್ಲಿ ಲಂಡನ್ನಿನಲ್ಲಿ ಕಂಚು ಗೆದ್ದರು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ಮಹಿಳೆಯರ ಹತ್ತು ಮೀಟರ್ ಪಿಸ್ತೂಲು ತಂಡ ಬೆಳ್ಳಿ ಗೆದ್ದಾಗ ಅದರಲ್ಲಿ ಹೈದರಾಬಾದಿನ ಈಶಾ ಸಿಂಗ್ ಇದ್ದರು, ಬೆಂಗಳೂರಿನ ದಿವ್ಯಾ ಟಿ.ಎಸ್. ಇದ್ದರು. ತೆಲಂಗಾಣ, ಕರ್ನಾಟಕ ಎರಡೂ ಒಂದೇ ಮೆಟ್ಟಿಲೇರಿ ನಿಂತವು. ಇಬ್ಬರ ನಡುವಿನ ದಾರಿಯಲ್ಲಿ ಬದುಕುವ ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಹೆಣ್ಣುಮಕ್ಕಳು ಮಾತ್ರ ಜಾತ್ರೆಯ ಬಲೂನಿನ ಮುಂದೆಯೇ ನಿಂತಿರಬೇಕೆ?

ಕನ್ನಡದ ಸಂಘಕ್ಕೆ ಇದರ ಗೊಡವೆಯೇಕೆ ಎಂದು ಕೇಳುವವರು ವೇಮುಲವಾಡವನ್ನು ನೆನೆಯಲಿ. ಪಂಪ ಹತ್ತನೆಯ ಶತಮಾನದಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದದ್ದು ಇಂದಿನ ತೆಲಂಗಾಣದ ಆ ಊರಿನ ಅರಸ ಅರಿಕೇಸರಿಯ ಆಶ್ರಯದಲ್ಲಿ, ತನ್ನ ದೊರೆಯನ್ನು ಹೋಲಿಸಲು ಆರಿಸಿದ್ದು ಗುರಿಕಾರನಾದ ಅರ್ಜುನನನ್ನು. ಈ ನೆಲದಲ್ಲಿ ಕನ್ನಡದ ಮೊದಲ ಮಹಾಕಾವ್ಯಗಳಲ್ಲೊಂದಕ್ಕೆ ನಾಯಕನಾದವನು ಬಿಲ್ಲುಗಾರ.

ಆದ್ದರಿಂದ ನಮ್ಮ ಬದಲಿ ಠರಾವು ಹೀಗಿರಲಿ. ಆಟಿಕೆಯನ್ನು ನಿಷೇಧಿಸುವುದು ಬೇಡ. ಸಂಘದ ಹೆಸರಿನಲ್ಲಿ ಒಂದು ಗುರಿಶಾಲೆ ಬೇಕು. ಹತ್ತು ಮೀಟರ್ ಉದ್ದದ ಪಡಸಾಲೆ, ಹಿಂದೆ ಛರ್ರೆ ತಡೆಯುವ ಗಟ್ಟಿ ಗೋಡೆ, ಎರಡು ಸಾಧಾರಣ ಗಾಳಿ ರೈಫಲ್ಲು, ಕಣ್ಣಿಗೆ ಕನ್ನಡಕ, ಬೀಗ ಹಾಕುವ ಕಪಾಟು. ಇಪ್ಪತ್ತು ಜೂಲ್ ಶಕ್ತಿ ಮೀರದ ಆ ನಳಿಗೆಯ ಗಾಳಿ ರೈಫಲ್ಲಿಗೆ ಲೈಸೆನ್ಸು ಬೇಕಿಲ್ಲ. ಆದರೂ ಅದು ಆಟಿಕೆಯಲ್ಲವೆಂಬುದೇ ಮೊದಲ ಪಾಠವಾಗಲಿ. ನಮ್ಮ ಊರುಗಳಲ್ಲಿ ಸೇನೆಯಿಂದ ನಿವೃತ್ತರಾದವರಿದ್ದಾರೆ. ವಾರಕ್ಕೆರಡು ದಿನ ಅವರು ಕಲಿಸಲಿ. ಮೊದಲ ವಾರ ಒಂದು ಛರ್ರೆಯನ್ನೂ ಕೊಡದಿರಲಿ. ಹಿಂದೂ, ಮುಸಲ್ಮಾನ, ಲಂಬಾಣಿ ಎಲ್ಲರ ಮಕ್ಕಳೂ ಒಂದೇ ಸಾಲಿನಲ್ಲಿ, ಒಬ್ಬರ ಕಡೆ ಒಬ್ಬರು ನಳಿಗೆ ತಿರುಗಿಸದೆ, ಎದುರಿನ ಹಾಳೆಯ ಕಡೆ ಮಾತ್ರ ನೋಡುತ್ತ ನಿಲ್ಲಲಿ. 1948ರ ನೆಲಕ್ಕೆ ಇದಕ್ಕಿಂತ ತಕ್ಕ ಉತ್ತರ ನಮಗೆ ತೋಚದು.

ಆ ಎರಡು ರೈಫಲ್ಲುಗಳಲ್ಲಿ ಒಂದರ ಬೆಲೆಯನ್ನು ನಮ್ಮ ಪಿಂಚಣಿಯಿಂದ ಕೊಡುತ್ತೇವೆ. ತಾಂಡೂರಿನ ಆ ಕಲ್ಲುಕೆಲಸದವನಿಗೆ ಈಗ ಒಬ್ಬ ಮಗನಿದ್ದಾನೆಂದು ತಿಳಿಯಿತು. ಮೊದಲ ಹೆಸರು ಅವನದಾಗಬೇಕೆಂಬುದೊಂದೇ ನಮ್ಮ ಷರತ್ತು.