ಪಟ್ಟ ಯಾರಿಗೆಂದು ಕೇಳುವವರಿಗೆ

ಜರ್ಮನಿ ಯುದ್ಧ ಗೆದ್ದಿದ್ದರೆ ಹಿಟ್ಲರನ ತರುವಾಯ ಪಟ್ಟ ಯಾರಿಗೆ? ಶ್ರೀನಗರದ ಹೋಟೆಲುಗಳಲ್ಲಿ ಬೈ-ಟು ಕಾಫಿಯ ಮುಂದೆ ಈ ಚರ್ಚೆ ನಡೆಯುವುದುಂಟು. ಗೋರಿಂಗನಿಗೆಂದು ಒಬ್ಬರು, ಹಿಮ್ಲರನಿಗೆಂದು ಮತ್ತೊಬ್ಬರು. ಈ ಪ್ರಶ್ನೆಯೇ ಮೋಸದ್ದೆಂದು ನಾವು ಹೇಳುತ್ತೇವೆ.

ಊಹೆಯೇಕೆ? ನಡೆದದ್ದನ್ನೇ ನೋಡೋಣ. 1939ರ ಸೆಪ್ಟೆಂಬರ್ 1ರಂದು ಹಿಟ್ಲರ್ ತನ್ನ ನಂತರ ಗೋರಿಂಗ್, ಅವನ ನಂತರ ಹೆಸ್ ಎಂದು ಸಾರಿದ. ಹೆಸ್ 1941ರಲ್ಲಿ ವಿಮಾನವೇರಿ ಶತ್ರುದೇಶಕ್ಕೆ ಹಾರಿದ. 1945ರ ಏಪ್ರಿಲಿನಲ್ಲಿ, ತಾನು ಅಧಿಕಾರ ವಹಿಸಬೇಕೇ ಎಂದು ತಂತಿ ಕಳಿಸಿದ ತಪ್ಪಿಗೆ ಗೋರಿಂಗ್ ದ್ರೋಹಿಯಾದ. ಕದ್ದು ಸಂಧಾನಕ್ಕೆ ಹೊರಟ ಹಿಮ್ಲರನನ್ನು ಪಕ್ಷದಿಂದ ಹೊರದೂಡಿದರು. ಕೊನೆಗೆ ಪಟ್ಟ ನೌಕಾಪಡೆಯ ಡೋನಿಟ್ಸನಿಗೆ. ಅದೂ ಮೂರು ವಾರ. ಮೇ 23ರಂದು ಅವನೂ ಸೆರೆಯಾದ. ಇಷ್ಟರಲ್ಲಿ ಒಬ್ಬ ಜರ್ಮನ್ ಕೂಲಿಕಾರನನ್ನಾದರೂ ಕೇಳಿದವರುಂಟೇ?

ಕೇಳಬೇಕಾದ ಬಾಯಿಗಳನ್ನು ಮೊದಲೇ ಹೊಲಿದಿದ್ದರು. 1933ರ ಮೇ 1ರಂದು ಸಂಬಳಸಹಿತ ರಜೆ ಕೊಟ್ಟು ಕಾರ್ಮಿಕರ ಹಬ್ಬ ಮಾಡಿಸಿದರು. ಮರುದಿನವೇ ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ ಮುಖಂಡರನ್ನು ಹಿಡಿದರು. ದೊಡ್ಡ ಮಳಿಗೆಗಳನ್ನು ಸಣ್ಣ ವ್ಯಾಪಾರಿಗಳಿಗೆ ಅಗ್ಗದ ಬಾಡಿಗೆಗೆ ಕೊಡಿಸುವೆವೆಂದು 1920ರ ಕಾರ್ಯಕ್ರಮದಲ್ಲಿ ಬರೆದಿದ್ದರು. ಗದ್ದುಗೆ ಸಿಕ್ಕಮೇಲೆ ಆ ಮಾತು ಗಾಳಿಗೆ ಹೋಯಿತು. ಯೆಹೂದಿ ವ್ಯಾಪಾರಿಯಿಂದ ಅಂಗಡಿಯನ್ನೂ ಕಸಿದರು, ಪ್ರಾಣವನ್ನೂ ಕಸಿದರು.

ದೂರದ ದೇಶದ ಮಾತೆನ್ನುವವರು ನಮ್ಮ ಅಂಗಳವನ್ನೇ ನೋಡಲಿ. ಮೈಸೂರು ಸಂಸ್ಥಾನ ನಾಜಿ ರಾಜ್ಯವೇನೂ ಆಗಿರಲಿಲ್ಲ. ಆದರೆ ಅಲ್ಲೂ ದಿವಾನರನ್ನು ಆರಿಸುವ ಹಕ್ಕು ಅರಮನೆಯದು. 1941ರಲ್ಲಿ ಮಿರ್ಜಾ ಇಸ್ಮಾಯಿಲರು ಹೋಗಿ ಮಾಧವರಾಯರು ಬಂದರು. 1946ರಲ್ಲಿ ರಾಮಸ್ವಾಮಿ ಮೊದಲಿಯಾರರು ಬಂದರು. ಪ್ರಜೆಯ ಕೈಗೆ ಏನೂ ಬರಲಿಲ್ಲ. 1947ರ ಸೆಪ್ಟೆಂಬರಿನಲ್ಲಿ ಜನ ಮುಂದಿನ ದಿವಾನ ಯಾರೆಂದು ಕೇಳುತ್ತ ಕೂರಲಿಲ್ಲ. ಜವಾಬ್ದಾರಿ ಸರ್ಕಾರ ಬೇಕೆಂದು ಬೀದಿಗಿಳಿದರು, ಜೈಲು ತುಂಬಿದರು. ಅಕ್ಟೋಬರಿನಲ್ಲಿ ಅರಮನೆ ಮಣಿಯಿತು; ಕೆ. ಸಿ. ರೆಡ್ಡಿ ಮುಖ್ಯಮಂತ್ರಿಯಾದರು.

ಯಾರು ಆಳಿದರೂ ರಾಗಿ ಬೀಸುವುದು ತಪ್ಪದೆಂದು ಹಿರಿಯರು ಅಂದದ್ದು, ಆಳುವವನನ್ನು ಇಳಿಸುವ ಹಕ್ಕು ಅವರಿಗಿಲ್ಲದ ಕಾಲದಲ್ಲಿ. ನಮಗೆ ಆ ಹಕ್ಕಿದೆ. ಬಳಸದಿದ್ದರೆ ಅದೂ ತುಕ್ಕು ಹಿಡಿಯುತ್ತದೆ.

ಕಾರ್ಮಿಕ ಬಾಂಧವರೇ, ವ್ಯಾಪಾರಿ ಮಿತ್ರರೇ! ಗಿರಣಿಯ ಯೂನಿಯನ್ನಿನಲ್ಲಾಗಲಿ, ವರ್ತಕರ ಸಂಘದಲ್ಲಾಗಲಿ, ನಮ್ಮದೂ ಸೇರಿದಂತೆ ಯಾವ ಪಕ್ಷದಲ್ಲೇ ಆಗಲಿ, ‘ಯಜಮಾನರ ನಂತರ ಯಾರು?’ ಎಂಬ ಪಿಸುಮಾತು ಕಿವಿಗೆ ಬಿದ್ದರೆ ಎದ್ದು ನಿಂತು ಕೇಳಿರಿ: ಚುನಾವಣೆ ಯಾವಾಗ? ಲೆಕ್ಕಪತ್ರ ಎಲ್ಲಿ? ಬೇಡವಾದವನನ್ನು ಇಳಿಸುವ ದಾರಿ ಯಾವುದು?