ಎಳೆಯುವ ಕಾರಲ್ಲ, ತಡೆಯುವ ಕಾರು

ಮಕ್ಕಳೇ, ಬೇಸಿಗೆಯ ಮಧ್ಯಾಹ್ನ ತಲೆಯೆತ್ತಿ ನೋಡಿದರೆ ಹದ್ದೊಂದು ರೆಕ್ಕೆ ಬಡಿಯದೆ ಸುತ್ತುತ್ತ ಸುತ್ತುತ್ತ ಮೇಲೇರುವುದನ್ನು ನೀವು ಕಂಡಿರುತ್ತೀರಿ. ಬಿಸಿಲಿಗೆ ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ, ಹಗುರಾಗಿ ಮೇಲೇಳುತ್ತದೆ. ಹದ್ದು ಆ ಗಾಳಿಯ ಹೆಗಲೇರಿ ಕೂರುತ್ತದೆ, ಅಷ್ಟೇ! ಮನುಷ್ಯರೂ ಹೀಗೆ ಹಾರುತ್ತಾರೆ. ಅವರು ಹಾರುವ ವಿಮಾನದ ಹೆಸರು ಗ್ಲೈಡರ್. ಸಾಮಾನ್ಯವಾಗಿ ಅದಕ್ಕೆ ಎಂಜಿನ್ನೇ ಇರುವುದಿಲ್ಲ.

ಬ್ರಿಟನ್ನಿನಲ್ಲಿ ಇದು ಬಹಳ ಜನರ ಅಚ್ಚುಮೆಚ್ಚಿನ ಹವ್ಯಾಸ. 1930ರಲ್ಲಿ ಹುಟ್ಟಿದ ಲಂಡನ್ ಗ್ಲೈಡಿಂಗ್ ಕ್ಲಬ್ಬಿನವರು ಡನ್‌ಸ್ಟಬಲ್ ಎಂಬ ಊರಿನ ಗುಡ್ಡದ ಬುಡದಿಂದ ಇಂದಿಗೂ ಹಾರುತ್ತಾರೆ. ಅಲ್ಲಿ ಗ್ಲೈಡರ್ ಇರುವ ಮನೆಯವರು ಹೊಸ ಕಾರು ಕೊಳ್ಳಲು ಹೊರಟರೆ ಬಣ್ಣ, ಬೆಲೆ, ಮೈಲೇಜ್ ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: "ಈ ಕಾರು ನಮ್ಮ ಗ್ಲೈಡರನ್ನು ಎಳೆದುಕೊಂಡು ಬರುತ್ತದೆಯೇ?"

ಹಾರುವ ವಿಮಾನಕ್ಕೆ ಕಾರು ಯಾಕೆ? ಒಳ್ಳೆಯ ಪ್ರಶ್ನೆ. ಗ್ಲೈಡರ್ ಹತ್ತಾರು, ಕೆಲವೊಮ್ಮೆ ನೂರಾರು ಕಿಲೋಮೀಟರ್ ದೂರ ಹೋಗುತ್ತದೆ. ದಾರಿಯಲ್ಲಿ ಮೋಡ ಮುಸುಕಿ ನೆಲ ತಣ್ಣಗಾದರೆ ಮೇಲೇಳುವ ಗಾಳಿ ನಿಂತುಹೋಗುತ್ತದೆ. ಆಗ ಪೈಲಟ್ ಯಾವುದಾದರೊಂದು ಹೊಲ ಹುಡುಕಿ ಇಳಿಯಬೇಕು. ಫ್ರಾನ್ಸಿನ ಪೈಲಟ್‌ಗಳು ಹೀಗೆ ಹೊಲದಲ್ಲಿ ಇಳಿಯುವುದಕ್ಕೆ ತಮ್ಮ ಭಾಷೆಯಲ್ಲಿ 'ಹಸು' ಎಂದೇ ಹೆಸರಿಟ್ಟಿದ್ದಾರೆ. ಇಳಿದ ಕಡೆ ಎದುರುಗೊಳ್ಳುವವರು ಹೆಚ್ಚಾಗಿ ಹಸುಗಳೇ ತಾನೆ!

ಇಳಿದಾಯಿತು, ಮನೆಗೆ ಬರುವುದು ಹೇಗೆ? ಪೈಲಟ್ ಫೋನ್ ಮಾಡುತ್ತಾರೆ. ಮನೆಯವರೋ ಗೆಳೆಯರೋ ಕಾರಿನ ಹಿಂದೆ ಉದ್ದನೆಯ ಟ್ರೈಲರ್ ಕಟ್ಟಿಕೊಂಡು ಹುಡುಕುತ್ತ ಬರುತ್ತಾರೆ. ಮೊದಲು ಹೊಲದ ಯಜಮಾನರ ಒಪ್ಪಿಗೆ ಕೇಳಬೇಕು. ಆಮೇಲೆ ಎರಡು ರೆಕ್ಕೆಗಳನ್ನೂ ಬಾಲದ ಪಟ್ಟಿಯನ್ನೂ ಕಳಚಿ, ಎಲ್ಲವನ್ನೂ ಟ್ರೈಲರಿನೊಳಗೆ ಜೋಪಾನವಾಗಿ ಸೇರಿಸಬೇಕು. ಹೊರಡುವಾಗ ಗೇಟು ಹಾಕುವುದನ್ನು ಮರೆಯಬಾರದು, ಹಸುಗಳು ಹೊರಗೆ ಹೋದಾವು!

ಈಗ ಲೆಕ್ಕಕ್ಕೆ ಬರೋಣ. ಒಬ್ಬರೇ ಕೂರುವ, ರೆಕ್ಕೆಯ ತುದಿಯಿಂದ ತುದಿಗೆ 15 ಮೀಟರ್ ಇರುವ ಗ್ಲೈಡರ್ ಖಾಲಿಯಿದ್ದಾಗ ಸುಮಾರು 250 ಕಿಲೋ ತೂಗುತ್ತದೆ. ಅದನ್ನು ಹೊರುವ ಮುಚ್ಚಿದ ಟ್ರೈಲರ್ ಅದಕ್ಕಿಂತ ಎಷ್ಟೋ ಭಾರ. ಎರಡೂ ಸೇರಿ, ಪ್ಯಾರಾಶೂಟ್, ಹಗ್ಗ, ಸಲಕರಣೆಗಳೆಲ್ಲ ಸೇರಿ 900 ಕಿಲೋ ಎಂದು ಇಟ್ಟುಕೊಳ್ಳಿ. ಇಬ್ಬರು ಕೂರುವ ಗ್ಲೈಡರ್ ಆದರೆ ಇನ್ನೂ ಹೆಚ್ಚು.

"ಅಷ್ಟೇನಾ? ನಮ್ಮ ಕಾರಿನ ಎಂಜಿನ್ ಇದನ್ನು ಸಲೀಸಾಗಿ ಎಳೆಯುತ್ತದೆ" ಎಂದು ಯಾರಾದರೂ ಹೇಳಬಹುದು. ಎಳೆಯುತ್ತದೆ, ನಿಜ. ಆದರೆ ಎಳೆಯುವುದು ಸುಲಭದ ಅರ್ಧ. ಕಷ್ಟದ ಅರ್ಧ ಯಾವುದೆಂದು ಎತ್ತಿನಗಾಡಿ ಹೊಡೆದ ತಾತಂದಿರನ್ನು ಕೇಳಿ. ಏರಿನಲ್ಲಿ ಎತ್ತು ಗಾಡಿಯನ್ನು ಎಳೆಯುತ್ತದೆ, ಇಳಿಜಾರಿನಲ್ಲಿ ಗಾಡಿಯೇ ಎತ್ತನ್ನು ತಳ್ಳುತ್ತದೆ. ಆಗ ಬೇಕಾಗುವುದು ಓಡುವ ಎತ್ತಲ್ಲ, ಕಾಲೂರಿ ನಿಲ್ಲುವ ಎತ್ತು. ಕಾರಿಗೂ ಇದೇ ಮಾತು. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ ಹೋಗುವಾಗ, ಪಕ್ಕದಲ್ಲಿ ದೊಡ್ಡ ಲಾರಿ ಹಾದು ಗಾಳಿ ಬಡಿದಾಗ ಹಿಂದಿನ 900 ಕಿಲೋ ಮುಂದಿನ ಕಾರನ್ನು ಅಲ್ಲಾಡಿಸಲು ನೋಡುತ್ತದೆ. ಆ ಹೊತ್ತಿನಲ್ಲಿ ಕಾರಿನ ತೂಕವೇ ಅದರ ಕಾಲು.

ಹಾಗಾಗಿ ಬ್ರಿಟನ್ನಿನಲ್ಲಿ ಹೊಸದಾಗಿ ಟ್ರೈಲರ್ ಎಳೆಯುವವರಿಗೆ ಒಂದು ಸಲಹೆ ಕೊಡುತ್ತಾರೆ: ತುಂಬಿದ ಟ್ರೈಲರಿನ ತೂಕ ಖಾಲಿ ಕಾರಿನ ತೂಕದ ನೂರಕ್ಕೆ 85ರಷ್ಟನ್ನು ಮೀರದಿರಲಿ. ಇದು ಕಾನೂನಲ್ಲ, ಬುದ್ಧಿಮಾತು. 900ನ್ನು 0.85ರಿಂದ ಭಾಗಿಸಿ ನೋಡಿ, ಸುಮಾರು 1,059 ಬರುತ್ತದೆ. ಅಂದರೆ ಕಾರು ಕಡಿಮೆಯೆಂದರೂ 1,060 ಕಿಲೋ ಇರಬೇಕು. ತೀರ ಪುಟ್ಟ ಕಾರುಗಳು ಇಲ್ಲಿಯೇ ಹಿಂದೆ ಬೀಳುತ್ತವೆ. 1,500 ಕಿಲೋ ತೂಗುವ ಕಾರಾದರೆ 1,275 ಕಿಲೋವರೆಗೆ ನಿಶ್ಚಿಂತೆ.

ಇದರ ಜೊತೆ ಕಾರು ತಯಾರಿಸಿದವರು ಹಾಕಿದ ಮಿತಿಯನ್ನೂ ನೋಡಬೇಕು, ಅದನ್ನು ಮೀರುವಂತಿಲ್ಲ. ಅಲ್ಲಿನ ಕಾರುಗಳ ಬಾಗಿಲಿನ ಚೌಕಟ್ಟಿನಲ್ಲೋ ಬಾನೆಟ್ಟಿನ ಅಡಿಯಲ್ಲೋ ಒಂದು ಚಿಕ್ಕ ತಗಡಿನ ಅಥವಾ ಕಾಗದದ ಪಟ್ಟಿ ಇರುತ್ತದೆ. ಅದರಲ್ಲಿರುವ ಒಂದು ಸಂಖ್ಯೆ, ಜನ ಮತ್ತು ಸಾಮಾನು ತುಂಬಿದ ಕಾರು ಗರಿಷ್ಠ ಎಷ್ಟು ತೂಗಬಹುದು ಎಂಬುದು. ಇನ್ನೊಂದು, ಕಾರು ಮತ್ತು ಟ್ರೈಲರ್ ಸೇರಿ ಎಷ್ಟು ತೂಗಬಹುದು ಎಂಬುದು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ, ತುಂಬಿದ ಕಾರು ಎಷ್ಟು ಭಾರದ ಟ್ರೈಲರನ್ನು ಎಳೆಯಬಹುದು ಎಂದು ತಿಳಿಯುತ್ತದೆ. ಎರಡನೆಯ ಸಂಖ್ಯೆಯೇ ಇಲ್ಲದಿದ್ದರೆ? ಆ ಕಾರಿಗೆ ಟ್ರೈಲರ್ ಕಟ್ಟಬಾರದು ಎಂದರ್ಥ. ನೋಡಲು ಗಟ್ಟಿಮುಟ್ಟಾಗಿದ್ದರೂ ಎಳೆಯುವ ಅನುಮತಿಯೇ ಇಲ್ಲದ ಕಾರುಗಳಿವೆ. ಹಣ ಕೊಟ್ಟಮೇಲೆ ಪಟ್ಟಿ ಓದುವುದಲ್ಲ, ಓದಿದಮೇಲೆ ಹಣ ಕೊಡುವುದು.

ಇನ್ನು ಭಾರವನ್ನು ಎಲ್ಲಿ ಇಡಬೇಕು ಎಂಬ ವಿಚಾರ. ಗಾಡಿಗೆ ಹುಲ್ಲು ಹೇರುವಾಗ ಹಿರಿಯರು ಹಿಂಭಾರ, ಮುಂಭಾರ ನೋಡುತ್ತಿದ್ದರು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ನೋಯುತ್ತದೆ. ಟ್ರೈಲರಿನ ಮುಂದುಗಡೆ ಕಾರಿನ ಕೊಂಡಿಯ ಮೇಲೆ ಕೂರುವ ಭಾರವನ್ನು ಬ್ರಿಟನ್ನಿನವರು 'ಮೂಗಿನ ಭಾರ' ಎನ್ನುತ್ತಾರೆ. ಅದು ಟ್ರೈಲರಿನ ಒಟ್ಟು ತೂಕದ ನೂರಕ್ಕೆ 5ರಿಂದ 7ರಷ್ಟಿದ್ದರೆ ಒಳ್ಳೆಯದು. 900 ಕಿಲೋಗೆ 45ರಿಂದ 63 ಕಿಲೋ ಆಯಿತು. ಕಾರಿನ ಕೊಂಡಿ ಎಷ್ಟು ಭಾರ ಹೊರಬಹುದು ಎಂಬುದಕ್ಕೂ ಮಿತಿಯಿದೆ, ಕೊಳ್ಳುವಾಗ ಅದನ್ನೂ ಕೇಳಬೇಕು.

ಮೂಗಿನ ಭಾರ ಕಡಿಮೆಯಾಗಿ ಹಿಂಭಾರವಾದರೆ ವೇಗ ಹೆಚ್ಚಿದಂತೆ ಟ್ರೈಲರ್ ಹಾವಿನಂತೆ ಅತ್ತಿಂದಿತ್ತ ಹರಿದಾಡತೊಡಗುತ್ತದೆ. ಬಾಲವೇ ನಾಯಿಯನ್ನು ಅಲ್ಲಾಡಿಸಿದಂತೆ ಟ್ರೈಲರ್ ಕಾರನ್ನೇ ಎಳೆದಾಡಿ ಉರುಳಿಸಲೂಬಹುದು. ಆಗ ಗಾಬರಿಯಿಂದ ಬ್ರೇಕ್ ಒತ್ತಬಾರದು, ಸ್ಟೀರಿಂಗನ್ನು ಅತ್ತಿತ್ತ ತಿರುಗಿಸಬಾರದು. ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಡಬೇಕು. ಈ ಅಪಾಯದ ಕಾರಣಕ್ಕೇ ಕಾರಿನ ಹಿಂದಿನ ಚಕ್ರಕ್ಕೂ ಕೊಂಡಿಗೂ ನಡುವಿನ ಅಂತರ ಕಡಿಮೆಯಿರುವ, ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಹೆಚ್ಚಿರುವ ಕಾರು ಮೇಲು. ಅಂಥ ಕಾರನ್ನು ಟ್ರೈಲರ್ ಸುಲಭವಾಗಿ ಅಲ್ಲಾಡಿಸಲಾರದು. ವೇಗಕ್ಕೂ ಅಲ್ಲಿ ಕಟ್ಟಳೆ ಇದೆ. ಟ್ರೈಲರ್ ಎಳೆಯುವ ಕಾರು ದೊಡ್ಡ ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್ ಮೀರುವಂತಿಲ್ಲ.

ಮೂಗಿನ ಭಾರವನ್ನು ನೀವು ಮನೆಯಲ್ಲೇ ಬೆರಳಲ್ಲಿ ತಿಳಿಯಬಹುದು. ಮೇಜಿನ ಮೇಲೆ ಪೆನ್ಸಿಲ್ ಇಟ್ಟು, ಅದರ ಮೇಲೆ ಅಡ್ಡಲಾಗಿ 30 ಸೆಂಟಿಮೀಟರ್ ಸ್ಕೇಲ್ ಇಡಿ. ಪೆನ್ಸಿಲೇ ಟ್ರೈಲರಿನ ಚಕ್ರ. ಸ್ಕೇಲಿನ ಮುಂತುದಿಯ ಕೆಳಗೆ ನಿಮ್ಮ ಬೆರಳು, ಅದೇ ಕಾರಿನ ಕೊಂಡಿ. ಪೆನ್ಸಿಲಿನಿಂದ ಸ್ವಲ್ಪ ಮುಂದಕ್ಕೆ ಒಂದೆರಡು ನಾಣ್ಯ ಇಡಿ. ಸ್ಕೇಲ್ ಬೆರಳ ಮೇಲೆ ಮೆತ್ತಗೆ ಕೂರುತ್ತದೆ. ಅದೇ ನಾಣ್ಯಗಳನ್ನು ಪೆನ್ಸಿಲಿನ ಹಿಂದಕ್ಕೆ ಸರಿಸಿ. ಸ್ಕೇಲ್ ಬೆರಳು ಬಿಟ್ಟು ಮೇಲೆದ್ದಿತಲ್ಲ? ಅದೇ ಹಿಂಭಾರ!

ಕಾರು ಟ್ರೈಲರಿಗೆ ಮಾತ್ರವಲ್ಲ, ಮನೆಗೂ ಬೇಕಲ್ಲವೇ? ವಾರದಲ್ಲಿ ಐದು ದಿನ ಅದು ಶಾಲೆಗೆ, ಅಂಗಡಿಗೆ ಹೋಗಬೇಕು. ಮಂಡಿನೋವಿನ ಅಜ್ಜಿ ಸಲೀಸಾಗಿ ಹತ್ತಿ ಇಳಿಯಬೇಕು. ಐದು ಜನ ಕೂತು, ಡಿಕ್ಕಿ ತುಂಬಿ, ಮೂಗಿನ ಭಾರವೂ ಸೇರಿದರೆ ಕಾರಿನ ಹಿಂಭಾಗ ತಗ್ಗುತ್ತದೆ. ಮುಂದಿನ ಚಕ್ರದಿಂದ ಓಡುವ ಕಾರಾದರೆ ಆ ಚಕ್ರಗಳ ಹಿಡಿತ ಸಡಿಲವಾಗಿ ಒದ್ದೆ ಹುಲ್ಲಿನ ಹೊಲದಲ್ಲಿ ಸುಮ್ಮನೆ ತಿರುಗುತ್ತ ನಿಲ್ಲಬಹುದು. ಆಗಾಗ ಹೊಲದಿಂದ ಗ್ಲೈಡರ್ ತರಬೇಕಾದವರಿಗೆ ನಾಲ್ಕೂ ಚಕ್ರ ಎಳೆಯುವ ಕಾರು ಆಸರೆ. ಬ್ಯಾಟರಿ ಕಾರು ಮೊದಲ ಹೆಜ್ಜೆಯಿಂದಲೇ ಬಲವಾಗಿ ಎಳೆಯುತ್ತದೆ, ಆದರೆ ಟ್ರೈಲರ್ ಕಟ್ಟಿದರೆ ಒಂದು ಚಾರ್ಜಿನಲ್ಲಿ ಹೋಗುವ ದೂರ ಸಾಕಷ್ಟು ಕಡಿಮೆಯಾಗುತ್ತದೆ. ಎಷ್ಟೋ ಚಾರ್ಜಿಂಗ್ ಜಾಗಗಳಲ್ಲಿ ಟ್ರೈಲರ್ ಬಿಚ್ಚಿಟ್ಟೇ ಕಾರು ನಿಲ್ಲಿಸಬೇಕು. ಸಂಜೆಗತ್ತಲಲ್ಲಿ ಹೊಲದಲ್ಲಿ ಒಬ್ಬರು ಕಾಯುತ್ತಿರುವಾಗ ಇದನ್ನೂ ಲೆಕ್ಕ ಹಾಕಬೇಕು.

ಹಿರಿಯರೇ, ಕಾರು ಕೊಳ್ಳುವ ಮಾತು ಬಂದಾಗ ಮನೆಯ ಹುಡುಗರು ಎಷ್ಟು ವೇಗ ಹೋಗುತ್ತದೆ ಎಂದು ಕೇಳುತ್ತಾರೆ. ಎಷ್ಟು ಬೇಗ ನಿಲ್ಲುತ್ತದೆ ಎಂದು ಕೇಳುವವರು ನೀವೇ. ಹಾರುವವರಿಗೆ ಆಕಾಶ ಸಿಗುವುದು ನೆಲದ ಮೇಲೆ ಯಾರೋ ಹೀಗೆ ಕೇಳಿದ್ದರಿಂದ.

ಮಕ್ಕಳೇ, ಈ ವಾರದ ಲೆಕ್ಕ. ಒಂದು ಕಾರು ಖಾಲಿಯಿದ್ದಾಗ 1,400 ಕಿಲೋ ತೂಗುತ್ತದೆ. ಅದರ ಪಟ್ಟಿಯಲ್ಲಿ ತುಂಬಿದ ಕಾರಿಗೆ 2,000 ಕಿಲೋ, ಕಾರು ಮತ್ತು ಟ್ರೈಲರ್ ಸೇರಿ 3,400 ಕಿಲೋ ಎಂದಿದೆ. ಕೊಂಡಿಗೆ ಕಟ್ಟಬೇಕಾದ್ದು 1,250 ಕಿಲೋ ತೂಗುವ, ಇಬ್ಬರು ಕೂರುವ ಗ್ಲೈಡರಿನ ಟ್ರೈಲರ್. ತಯಾರಕರ ಪಟ್ಟಿ ಏನನ್ನುತ್ತದೆ? ನೂರಕ್ಕೆ 85ರ ಬುದ್ಧಿಮಾತು ಏನನ್ನುತ್ತದೆ? ಎರಡೂ ಒಂದೇ ಉತ್ತರ ಕೊಡುವುದಿಲ್ಲ. ಹೊಸದಾಗಿ ಟ್ರೈಲರ್ ಎಳೆಯುವವರು ಯಾವುದನ್ನು ಕೇಳಬೇಕು? ಲೆಕ್ಕ ನೀವು ಮಾಡಿ, ತೀರ್ಮಾನವನ್ನು ಅಜ್ಜ ಅಜ್ಜಿಯ ಜೊತೆ ಕೂತು ಮಾಡಿ.